ಊರಿಗೆ ಹಾಲು ಶೀತಲೀಕರಣ ಘಟಕ: ಗುಣಮಟ್ಟ ಮತ್ತು ಅಪಾಯದ ಲೆಕ್ಕ



ಮುಂಡರಗಿ ತಾಲೂಕಿನ ಹಾಲಿಗೆ ದಾರಿ ದೂರ. ಮುಂಡರಗಿಯಿಂದ ಗದಗಿಗೇ ಸುಮಾರು 40 ಕಿಲೋಮೀಟರು. ತುಂಗಭದ್ರೆಯ ದಂಡೆಯ ಊರುಗಳಿಗೆ ಅದಕ್ಕೂ ಹೆಚ್ಚು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕ್ಯಾನಿನೊಳಗಿನ ಹಾಲು ದಾರಿಯಲ್ಲೇ ಹುಳಿಯಾದರೆ ಹಿಂಡಿದವರ ಶ್ರಮ, ಹಾಕಿದ ಹಿಂಡಿ, ಹಸಿಮೇವು ಎಲ್ಲವೂ ನೀರಿನಲ್ಲಿ ಹೋಮ. ಆದ್ದರಿಂದ ಸಂಘದ ಸಭೆಗಳಲ್ಲಿ "ನಮ್ಮ ಊರಿಗೂ ಬಿ.ಎಂ.ಸಿ. ಬರಬೇಕು" ಎಂಬ ಬೇಡಿಕೆ ಕೇಳಿಬರುವುದು ಸಹಜ. ಊರಲ್ಲೇ ಹಾಲನ್ನು ತಂಪುಮಾಡಿ ಟ್ಯಾಂಕರಿಗೆ ತುಂಬುವ ಈ ಸಾಂದ್ರ ಶೀತಲೀಕರಣ ಘಟಕ ಒಳ್ಳೆಯ ಸಾಧನವೆಂಬುದರಲ್ಲಿ ಸಂಶಯವಿಲ್ಲ.

ಆದರೆ ಘಟಕವನ್ನು ತರುವುದು ಒಂದು ಯೋಜನೆ. ಅದಕ್ಕೆ ಆರಂಭವಿದೆ, ಮುಗಿಯುವ ದಿನವಿದೆ, ಮಿತವಾದ ಹಣವಿದೆ. ಯಾವ ಯೋಜನೆಯಾದರೂ ಎರಡು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮಾಡುವ ಕೆಲಸ ಚೆನ್ನಾಗಿ ಆಗುವಂತೆ ನೋಡಿಕೊಳ್ಳುವುದು ಹೇಗೆ? ಏನಾದರೂ ಎಡವಟ್ಟಾದರೆ ಮುಂದೇನು? ಮೊದಲನೆಯದು ಗುಣಮಟ್ಟದ ನಿರ್ವಹಣೆ, ಎರಡನೆಯದು ಅಪಾಯದ ನಿರ್ವಹಣೆ. ಇವು ಎಂಜಿನಿಯರರಿಗೆ ಮಾತ್ರ ಸೇರಿದ ವಿಷಯಗಳಲ್ಲ. ಘಟಕದ ಲಾಭ, ಹಾನಿ ಎರಡೂ ಕೊನೆಗೆ ಬಂದು ನಿಲ್ಲುವುದು ಸದಸ್ಯರ ಬಟವಾಡೆಯಲ್ಲಿ. ಆದ್ದರಿಂದ ಈ ಲೆಕ್ಕ ಪ್ರತಿಯೊಬ್ಬ ಸದಸ್ಯನಿಗೂ ತಿಳಿದಿರಬೇಕು.

ಗುಣಮಟ್ಟ ಎಂದರೇನು?

ದುಬಾರಿ ವಸ್ತುವೆಲ್ಲ ಗುಣಮಟ್ಟದ್ದೆಂದು ತಿಳಿಯುವುದು ತಪ್ಪು. ಯಾವ ಕೆಲಸಕ್ಕೆಂದು ತಂದೆವೋ ಆ ಕೆಲಸವನ್ನು ಬೇಕಾದಷ್ಟು ಕಾಲ, ಬೇಕಾದ ರೀತಿಯಲ್ಲಿ ಮಾಡಿದರೆ ಅದು ಗುಣಮಟ್ಟ. ಶೀತಲೀಕರಣ ಘಟಕದ ಕೆಲಸವೆಂದರೆ ಬೆಚ್ಚಗೆ ಬಂದ ಹಾಲನ್ನು ಬೇಗ 4 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಸಿ, ಟ್ಯಾಂಕರು ಬರುವವರೆಗೆ ಹಾಗೆಯೇ ಕಾಯುವುದು.

ಗುಣಮಟ್ಟದ ಮೊದಲ ಪಾಠವನ್ನು ನಮಗೆ ಹಾಲೇ ಕಲಿಸಿದೆ. ಸಂಘದಲ್ಲಿ ಲ್ಯಾಕ್ಟೋಮೀಟರು ಇಟ್ಟು ನೋಡುತ್ತೇವೆ, ಕೊಬ್ಬಿನ ಅಂಶ ತೆಗೆಯುತ್ತೇವೆ. ಪರೀಕ್ಷೆಯಿಂದ ಹಾಲು ಹೇಗಿದೆಯೆಂದು ತಿಳಿಯುತ್ತದೆಯೇ ಹೊರತು, ಕೆಟ್ಟ ಹಾಲು ಒಳ್ಳೆಯದಾಗುವುದಿಲ್ಲ. ಗುಣಮಟ್ಟ ಹುಟ್ಟುವುದು ಕೊಟ್ಟಿಗೆಯಲ್ಲಿ, ತೊಳೆದ ಕೈಯಲ್ಲಿ, ಒಣಗಿದ ಪಾತ್ರೆಯಲ್ಲಿ.

ಒಂದು ಲೆಕ್ಕ ನೋಡೋಣ. ಕೆಚ್ಚಲಿನಿಂದ ಬರುವಾಗ ಹಾಲು ದನದ ಮೈಯಷ್ಟೇ ಬೆಚ್ಚಗಿರುತ್ತದೆ. ಸೂಕ್ಷ್ಮಜೀವಿಗಳಿಗೆ ಅದು ಹಬ್ಬದೂಟ. ಸ್ವಲ್ಪ ಹೊತ್ತು ಹಾಲಿನ ಸಹಜ ರಕ್ಷಣಾ ಗುಣ ಅವನ್ನು ತಡೆಯುತ್ತದೆ. ಅದು ಮುಗಿದ ಮೇಲೆ ಅವು ಸುಮಾರು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುತ್ತವೆ ಎಂದು ಹಿಡಿದರೆ, ನಾಲ್ಕು ಗಂಟೆಯಲ್ಲಿ ಎಂಟು ಸಲ ಇಮ್ಮಡಿ. ಅಂದರೆ ಒಂದು ಇದ್ದದ್ದು 256. ಹಾಲನ್ನು ತಂಪು ಮಾಡಿದರೆ ಈ ಓಟ ನಿಧಾನವಾಗುತ್ತದೆ, ಆದರೆ ಅಷ್ಟರಲ್ಲಿ ಹುಟ್ಟಿದವು ಸಾಯುವುದಿಲ್ಲ. ಆದ್ದರಿಂದ ಘಟಕ ಒಳ್ಳೆಯ ಹಾಲನ್ನು ಕಾಯುತ್ತದೆ. ಕೆಟ್ಟ ಹಾಲನ್ನು ರಿಪೇರಿ ಮಾಡುವುದಿಲ್ಲ.

ಕಟ್ಟಡಕ್ಕೂ ಇದೇ ನ್ಯಾಯ

ಮುಗಿದ ಕಟ್ಟಡವನ್ನು ನೋಡಿ "ಚೆನ್ನಾಗಿದೆ" ಎನ್ನುವುದು ಗುಣಮಟ್ಟದ ನಿರ್ವಹಣೆಯಲ್ಲ. ಬಣ್ಣ ಹಚ್ಚಿದ ಮೇಲೆ ಎಲ್ಲ ಗೋಡೆಗಳೂ ಒಂದೇ. ಕೆಲಸ ನಡೆಯುವಾಗಲೇ ನೋಡಬೇಕಾದ ಹಂತಗಳನ್ನು ಮೊದಲೇ ಬರೆದಿಟ್ಟು, ಒಂದು ಹಂತ ಸರಿಯಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು.

ಮೊದಲನೆಯದು ಅಡಿಪಾಯ. ನಮ್ಮ ಭಾಗದಲ್ಲಿ ಎರೆ ಭೂಮಿ ಉಂಟು, ಮಸಾರಿಯೂ ಉಂಟು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಮೇಲುಮೇಲಿನ ಪಾಯ ಹಾಕಿದರೆ ಎರಡು ಮಳೆಗಾಲ ಕಳೆಯುವುದರೊಳಗೆ ಗೋಡೆ ಸೀಳುತ್ತದೆ. ಗಟ್ಟಿ ನೆಲ ಸಿಗುವವರೆಗೆ ಅಗೆಯಬೇಕು, ಎರೆ ತೆಗೆದು ಗರಸು ತುಂಬಿ ಧಮ್ಮಸು ಮಾಡಬೇಕು. ಪಾಯ ಮುಚ್ಚುವ ಮುನ್ನ ಆಡಳಿತ ಮಂಡಳಿಯ ಇಬ್ಬರು ಕಣ್ಣಾರೆ ನೋಡಿ ಸಹಿ ಮಾಡಬೇಕು. ಮುಚ್ಚಿದ ಮೇಲೆ ಅದನ್ನು ನೋಡಲು ಬರುವುದಿಲ್ಲ.

ಎರಡನೆಯದು ಕಾಂಕ್ರೀಟು. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರು ಅಂದೇ ಹೇಳುತ್ತದೆ. ಕಾಂಕ್ರೀಟಿಗೆ ಅಳತೆಗಿಂತ ಹೆಚ್ಚು ನೀರು ಬೆರೆಸಿದರೆ ಅದು ಹೇಳುವುದು ಮೂರನೆಯ ವರ್ಷ. ತೆಳ್ಳಗಿನ ಕಲಸು ಸುಲಭವಾಗಿ ಹರಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ, ಆದರೆ ಬಲ ಕಡಿಮೆ. ಹಾಕಿದ ಮೇಲೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಾದರೆ 10 ದಿನ ಬಿಡದೆ ನೀರುಣಿಸಬೇಕು. ಬೇಸಿಗೆಯಲ್ಲಿ ನೀರಿನ ಅಭಾವವೆಂದು ಮೂರೇ ದಿನಕ್ಕೆ ನಿಲ್ಲಿಸಿದರೆ ಉಳಿದದ್ದು ನಾಲ್ಕು ಬ್ಯಾರೆಲ್ ನೀರು, ಕಳೆದದ್ದು ನೆಲದ ಆಯುಷ್ಯ.

ಮೂರನೆಯದು ಯಂತ್ರ. ಅಂಗಡಿಯ ಕಾಗದದಲ್ಲಿ ಬರೆದ ಸಾಮರ್ಥ್ಯ ಯಾವ ಹವೆಗೆ ಎಂದು ಕೇಳಿರಿ. 32 ಡಿಗ್ರಿಯ ಹವೆಗೆಂದು ಮಾಡಿದ ಯಂತ್ರ, ಹೊರಗೆ 40 ಡಿಗ್ರಿ ಇರುವಾಗ ಅಷ್ಟೇ ಬೇಗ ತಂಪು ಮಾಡಲಾರದು. ಬಿಸಿ ಗಾಳಿ ಹೊರಗೆ ಹೋಗಲು ಎದುರುಬದುರು ಕಿಟಕಿ ಬೇಕು. ತೊಟ್ಟಿಯನ್ನು ಕೂಡಿಸುವಾಗ ಮಟ್ಟ ನೋಡುವುದನ್ನು ಮರೆಯಬಾರದು. ತೊಟ್ಟಿ ಒಂದು ಕಡೆ ವಾಲಿದ್ದರೆ ಅಳತೆ ಕಡ್ಡಿ ತಪ್ಪು ಲೀಟರು ತೋರಿಸುತ್ತದೆ, ಟ್ಯಾಂಕರಿನ ಲೆಕ್ಕಕ್ಕೂ ಸಂಘದ ಲೆಕ್ಕಕ್ಕೂ ದಿನವೂ ತಕರಾರು. ಅರ್ಧ ಇಂಚಿನ ತಪ್ಪಿನಿಂದ ಕಾರ್ಯದರ್ಶಿಯ ಪ್ರಾಮಾಣಿಕತೆಯ ಮೇಲೆ ಸಂಶಯ ಬರುವಂತಾಗಬಾರದು.

ನಾಲ್ಕನೆಯದು ನೀರು. ನಮ್ಮ ಕೊಳವೆ ಬಾವಿಗಳ ನೀರು ಬಹಳ ಕಡೆ ಗಡುಸು. ಅದರಿಂದ ತೊಳೆದ ತೊಟ್ಟಿಯಲ್ಲಿ ಬಿಳಿಯ ಗಟ್ಟಿ ಪದರು ಕೂಡುತ್ತದೆ, ಆ ಪದರಿನೊಳಗೆ ಸೂಕ್ಷ್ಮಜೀವಿಗಳು ಮನೆ ಮಾಡುತ್ತವೆ. ಆದ್ದರಿಂದ ನೀರನ್ನು ಮೊದಲೇ ಪರೀಕ್ಷಿಸಿ, ಕ್ಷಾರದ ತೊಳೆತದ ಜೊತೆಗೆ ಆಮ್ಲದ ತೊಳೆತ ಎಷ್ಟು ದಿನಕ್ಕೊಮ್ಮೆ ಬೇಕೆಂದು ಗೊತ್ತುಮಾಡಿಕೊಳ್ಳಬೇಕು.

ಅಪಾಯವನ್ನು ಅಳೆಯುವುದು ಹೇಗೆ?

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆ ನಮಗೆಲ್ಲ ಗೊತ್ತು. ಕೆಡುವ ಮುನ್ನವೇ ಕೂತು ಯೋಚಿಸುವುದೇ ಅಪಾಯದ ನಿರ್ವಹಣೆ. ಆಗಿಹೋದದ್ದು ತೊಂದರೆ, ಆಗಬಹುದಾದದ್ದು ಅಪಾಯ. ತೊಂದರೆಗೆ ಹಣ ಬೇಕು. ಅಪಾಯಕ್ಕೆ ಮೊದಲು ಬೇಕಾದದ್ದು ಒಂದು ಸಂಜೆಯ ವಿಚಾರ ಮತ್ತು ಒಂದು ನೋಟುಪುಸ್ತಕ.

ಪ್ರತಿಯೊಂದು ಅಪಾಯಕ್ಕೂ ಎರಡು ಅಂಕ ಕೊಡಿರಿ. ಅದು ಬರುವ ಸಂಭವ ಎಷ್ಟು? ಕಡಿಮೆಯಾದರೆ 1, ನಡುವೆ 2, ಹೆಚ್ಚಾದರೆ 3. ಬಂದರೆ ಹಾನಿ ಎಷ್ಟು? ಅದಕ್ಕೂ 1, 2, 3. ಎರಡನ್ನೂ ಗುಣಿಸಿರಿ. ಉದಾಹರಣೆಗೆ:

ಹಾಲು ಸಂಗ್ರಹದ ಹೊತ್ತಿಗೆ ಕರೆಂಟು ಹೋಗುವುದು: 3 × 3 = 9.
ಬರಗಾಲದಲ್ಲಿ ಹಾಲು ಇಳಿದು ಸಾಲದ ಕಂತು ನಿಲ್ಲುವುದು: 2 × 3 = 6.
ಔಷಧ ಹಾಕಿದ ದನದ ಹಾಲು ತೊಟ್ಟಿಗೆ ಸೇರುವುದು: 2 × 3 = 6.
ಟ್ಯಾಂಕರು ತಡವಾಗುವುದು: 2 × 2 = 4.
ಸಿಡಿಲಿನಿಂದ ಯಂತ್ರ ಸುಡುವುದು: 1 × 3 = 3.

ಅಂಕಗಳು ಊರಿಂದ ಊರಿಗೆ ಬೇರೆಯಾಗುತ್ತವೆ. ಮುಖ್ಯವೆಂದರೆ ದೊಡ್ಡ ಅಂಕದ್ದಕ್ಕೆ ಮೊದಲು ಉಪಾಯ ಹುಡುಕಬೇಕು. ಉಪಾಯಗಳು ನಾಲ್ಕು ಬಗೆ. ಅಪಾಯದ ದಾರಿಯನ್ನೇ ಬಿಡುವುದು, ಅದನ್ನು ಕಡಿಮೆ ಮಾಡುವುದು, ವಿಮೆಯ ಮೂಲಕ ಬೇರೆಯವರಿಗೆ ದಾಟಿಸುವುದು, ಇವು ಮೂರೂ ಆಗದಿದ್ದರೆ ಮೀಸಲು ಹಣವಿಟ್ಟು ಸಹಿಸುವುದು. ಸಿಡಿಲಿಗೆ ವಿಮೆ ಸಾಕು. ಕರೆಂಟಿಗೆ ವಿಮೆ ಸಾಲದು.

ದೇಶವೇ ಮಾಡಿದ ಲೆಕ್ಕ

ಇದು ಹೊಸ ವಿದ್ಯೆಯಲ್ಲ. ಹೈನುಗಾರರ ಅತಿ ದೊಡ್ಡ ಯೋಜನೆಯಾದ ಆಪರೇಷನ್ ಫ್ಲಡ್ 1970ರಲ್ಲಿ ಆರಂಭವಾಯಿತು. ಅದರ ಮೊದಲ ಹಂತಕ್ಕೆ ವಿಶ್ವ ಆಹಾರ ಕಾರ್ಯಕ್ರಮದಿಂದ 1,26,000 ಟನ್ ಕೆನೆ ತೆಗೆದ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆ ದಾನವಾಗಿ ಗೊತ್ತಾಗಿತ್ತು. ದಾನ ಬಂತೆಂದು ಹಿಗ್ಗುವ ಬದಲು ಡಾ. ವರ್ಗೀಸ್ ಕುರಿಯನ್ ಮತ್ತು ಅವರ ಸಂಗಡಿಗರು ಅದರೊಳಗಿನ ಅಪಾಯವನ್ನು ಕಂಡರು. ಈ ಪುಡಿಯ ಹಾಲನ್ನು ಪಟ್ಟಣಗಳಲ್ಲಿ ಅಗ್ಗಕ್ಕೆ ಮಾರಿದರೆ ನಮ್ಮ ರೈತರ ಹಾಲಿನ ಬೆಲೆ ಬಿದ್ದುಹೋಗುತ್ತದೆ; ದಾನವೇ ಹೈನುಗಾರನನ್ನು ಕೊಲ್ಲುತ್ತದೆ. ಆದ್ದರಿಂದ ಅದನ್ನು ಅಗ್ಗವಾಗಿ ಹಂಚದೆ, ಹಾಲಿನ ಬೆಲೆಗೇ ಮಾರಿ, ಬಂದ ಹಣವನ್ನು ಡೇರಿ, ಶೀತಲೀಕರಣ ಮತ್ತು ಹಳ್ಳಿಯ ಸಂಘಗಳಿಗೆ ತೊಡಗಿಸಿದರು. ಅಪಾಯ ಕಂಡವರಿಗೆ ಅದೇ ಬಂಡವಾಳವಾಯಿತು.

ಅದೇ ಯೋಜನೆಯಿಂದ ಇನ್ನೊಂದು ಪಾಠವೂ ಇದೆ. ಮೊದಲ ಹಂತ ಐದು ವರ್ಷದಲ್ಲಿ ಮುಗಿಯಬೇಕಿತ್ತು, 1981ರವರೆಗೆ ನಡೆಯಿತು. ಅಷ್ಟು ಜಾಣರ ಕೈಯಲ್ಲಿದ್ದ ಯೋಜನೆಗೇ ತಡವಾಗುವುದಾದರೆ, ನಮ್ಮ ಊರಿನ ಕಟ್ಟಡ ಆರು ತಿಂಗಳಲ್ಲಿ ಆದೀತೆಂದು ಸಾಲದ ಕಂತನ್ನು ಏಳನೆಯ ತಿಂಗಳಿಗೆ ಇಟ್ಟುಕೊಳ್ಳುವುದು ಸರಿಯೇ? ಕಾಲಕ್ಕೂ ಸ್ವಲ್ಪ ಮೀಸಲು ಇರಲಿ.

ನಮ್ಮ ತಾಲೂಕಿನ ಅಪಾಯಗಳು

ಕರೆಂಟು. ಈಗಾಗಲೇ 4 ಡಿಗ್ರಿಗೆ ಇಳಿದ ಹಾಲು, ತೊಟ್ಟಿಯ ಉಷ್ಣನಿರೋಧಕ ಕವಚ ಚೆನ್ನಾಗಿದ್ದರೆ, ಕೆಲವು ಗಂಟೆ ತಡೆದುಕೊಳ್ಳುತ್ತದೆ. ಆಗ ತಾನೆ ಸುರಿದ ಬೆಚ್ಚನೆಯ ಹಾಲು ತಡೆಯುವುದಿಲ್ಲ. ಆದ್ದರಿಂದ ಮುಂಜಾನೆಯ ಮತ್ತು ಸಂಜೆಯ ಸಂಗ್ರಹದ ನಂತರದ ಎರಡು ಮೂರು ಗಂಟೆಗಳೇ ಗಂಡಾಂತರದ ಹೊತ್ತು. ಆ ಹೊತ್ತಿನಲ್ಲಿ ಮೂರು ಫೇಸಿನ ಕರೆಂಟು ಇರುತ್ತದೆಯೇ ಎಂದು ಹೆಸ್ಕಾಂ ಕಚೇರಿಯಲ್ಲಿ ಬರೆದು ಕೇಳಿ, ಉತ್ತರವನ್ನೂ ಬರೆದೇ ತರಬೇಕು. ಯಂತ್ರಕ್ಕೆ ಆರ್ಡರು ಕೊಡುವುದು ಅದರ ನಂತರ.

ಜನರೇಟರು ಇದೆ ಎಂದರೆ ಸಾಲದು. ಅದು ಕೈಕೊಡುವುದು ಬ್ಯಾಟರಿ ಸತ್ತಾಗ, ಡೀಸೆಲ್ ಮುಗಿದಾಗ, ಚಾಲೂ ಮಾಡಬಲ್ಲ ಒಬ್ಬನೇ ಮನುಷ್ಯ ಬೀಗರೂರಿಗೆ ಹೋದಾಗ. ವಾರಕ್ಕೊಮ್ಮೆ ಮೇನ್ ತೆಗೆದು, ಯಂತ್ರವನ್ನು ಅರ್ಧ ಗಂಟೆ ಜನರೇಟರಿನ ಮೇಲೆಯೇ ನಡೆಸಿ ನೋಡಬೇಕು. ಇಬ್ಬರಿಗಾದರೂ ಅದನ್ನು ನಡೆಸಲು ಬರಬೇಕು. 2,000 ಲೀಟರ್ ಹಾಲಿಗೆ ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ ಒಂದು ರಾತ್ರಿಯ ನಷ್ಟ 70,000 ರೂಪಾಯಿ. ಒಂದು ಕ್ಯಾನು ಡೀಸೆಲಿನ ಬೆಲೆಯನ್ನು ಅದರ ಪಕ್ಕದಲ್ಲಿ ಬರೆದು ನೋಡಿರಿ.

ಬರಗಾಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮೇವು ಕಡಿಮೆಯಾದರೆ ಹಾಲು ಇಳಿಯುತ್ತದೆ, ಯಂತ್ರದ ಕಂತು ಇಳಿಯುವುದಿಲ್ಲ. ಲೆಕ್ಕಕ್ಕಾಗಿ ಒಂದು ಸಂಘವನ್ನು ಊಹಿಸಿಕೊಳ್ಳೋಣ. ಒಳ್ಳೆಯ ತಿಂಗಳಲ್ಲಿ ದಿನಕ್ಕೆ 1,400 ಲೀಟರು, ಬೇಸಿಗೆಯಲ್ಲಿ 800 ಲೀಟರು. ಘಟಕದಿಂದ ಸಂಘಕ್ಕೆ ಲೀಟರಿಗೆ 50 ಪೈಸೆ ಉಳಿಯುತ್ತದೆ ಎಂದರೆ ಒಳ್ಳೆಯ ತಿಂಗಳ ಆದಾಯ 21,000 ರೂಪಾಯಿ, ಬೇಸಿಗೆಯದು 12,000. ಕಂತು 14,000 ಇದ್ದರೆ? ಶ್ರಾವಣದ ಹಾಲು ನೋಡಿ ಸಾಲ ಮಾಡಿದ ಸಂಘ ಚೈತ್ರದಲ್ಲಿ ತಿಂಗಳಿಗೆ 2,000 ರೂಪಾಯಿ ಕೈಯಿಂದ ಹಾಕಬೇಕಾಗುತ್ತದೆ. ಆದ್ದರಿಂದ ಯೋಜನೆಯನ್ನು ಕಡಿಮೆ ಹಾಲಿನ ತಿಂಗಳ ಲೆಕ್ಕದ ಮೇಲೆ ಮಾಡಿರಿ.

ಯಂತ್ರದ ಗಾತ್ರವೂ ಹೀಗೆಯೇ. "ಮುಂದೆ ಹಾಲು ಹೆಚ್ಚಾದೀತು" ಎಂದು ಬಹಳ ದೊಡ್ಡದನ್ನು ತಂದರೆ ಬೇಸಿಗೆಯಲ್ಲಿ ಹಾಲು ಕಲಕುವ ರೆಕ್ಕೆಗೆ ಮುಟ್ಟುವುದಿಲ್ಲ. ತಳದ ಹಾಲು ಮಂಜುಗಟ್ಟುತ್ತದೆ, ಮೇಲಿನದು ಬೆಚ್ಚಗೇ ಉಳಿಯುತ್ತದೆ.

ರೋಗ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ದನಗಳು ಸತ್ತ ಮನೆಗಳ ದುಃಖವನ್ನು ನಾವು ಮರೆತಿಲ್ಲ. ಲಸಿಕೆ ಅಪಾಯವನ್ನು ಕಡಿಮೆ ಮಾಡುತ್ತದೆ, ಜಾನುವಾರು ವಿಮೆ ಅದರ ಭಾರವನ್ನು ದಾಟಿಸುತ್ತದೆ. ಎರಡೂ ಬೇಕು.

ಜನರ ಒಪ್ಪಿಗೆ. ಇದನ್ನು ಪಟ್ಟಿಯಲ್ಲಿ ಬರೆಯುವವರು ಕಡಿಮೆ. ನಮ್ಮ ತಾಲೂಕಿನಲ್ಲೇ ಇದಕ್ಕೆ ದೊಡ್ಡ ನಿದರ್ಶನವಿದೆ. 2010ರಲ್ಲಿ ಹಳ್ಳಿಗುಡಿ ಭಾಗದಲ್ಲಿ ದಕ್ಷಿಣ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಯ ಪ್ರಸ್ತಾವ ಬಂತು. ಉಳುವ ಭೂಮಿ ಬಿಡಲು ರೈತರು ಒಪ್ಪಲಿಲ್ಲ; ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಹೋರಾಟದ ಮುಂದೆ ನಿಂತರು. 2011ರಲ್ಲಿ ಭೂಸ್ವಾಧೀನ ನಿಂತಿತು, 2013ರಲ್ಲಿ ಕಂಪನಿ ಹಿಂದೆ ಸರಿಯಿತು. ಸಾವಿರಾರು ಕೋಟಿಯ ಯೋಜನೆಗೂ ನೆಲದವರ ಒಪ್ಪಿಗೆಯೇ ಮೊದಲ ಕಲ್ಲು. ಹಾಗೆಯೇ ಘಟಕದ ಜಾಗ, ಕೊಳಚೆ ನೀರು ಹರಿಯುವ ದಾರಿ, ಜನರೇಟರಿನ ಸಪ್ಪಳ, ಸುತ್ತಲಿನ ಯಾವ ಸಂಘಗಳ ಹಾಲು ಇಲ್ಲಿಗೆ ಬರುತ್ತದೆ ಎಂಬುದು ಎಲ್ಲವೂ ಮಹಾಸಭೆಯಲ್ಲಿ ಬಾಯಿಬಿಟ್ಟು ಚರ್ಚೆಯಾಗಿ ಠರಾವಾಗಬೇಕು. ನೆರೆಮನೆಯವರ ತಕರಾರನ್ನು ಪಾಯ ಅಗೆಯುವ ಮುನ್ನ ಕೇಳಿದರೆ ಅದು ಸಲಹೆ, ಗೋಡೆ ಎದ್ದ ಮೇಲೆ ಕೇಳಿದರೆ ವ್ಯಾಜ್ಯ.

ಒಂದೇ ತೊಟ್ಟಿ

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕ್ಯಾನಿನ ಕಾಲದಲ್ಲಿ ಒಬ್ಬರ ಹಾಲು ಕೆಟ್ಟರೆ ಒಂದು ಕ್ಯಾನು ವಾಪಸ್ಸು ಬರುತ್ತಿತ್ತು. ಹಾನಿ 40 ಲೀಟರಿಗೆ ನಿಲ್ಲುತ್ತಿತ್ತು. ಘಟಕ ಬಂದ ಮೇಲೆ ಎಲ್ಲರ ಹಾಲೂ ಒಂದೇ ತೊಟ್ಟಿಗೆ. ಕೊಡ ಹಾಲಿಗೆ ತೊಟ್ಟು ಹುಳಿ ಸಾಕು. ಅಂದರೆ ಘಟಕವು ದೂರದ ದಾರಿಯ ಅಪಾಯವನ್ನು ಕಡಿಮೆ ಮಾಡುತ್ತದೆ, ಅದೇ ಹೊತ್ತಿಗೆ ಒಬ್ಬರ ತಪ್ಪಿನ ಹಾನಿಯನ್ನು ಐವತ್ತು ಪಟ್ಟು ದೊಡ್ಡದು ಮಾಡುತ್ತದೆ. ಈ ಎರಡನೆಯದನ್ನು ಲೆಕ್ಕಕ್ಕೆ ಹಿಡಿಯದೆ ಯಂತ್ರ ತಂದ ಸಂಘಕ್ಕೆ ಯಂತ್ರವೇ ಹೊರೆಯಾದೀತು.

ಹುಳಿ ಹಾಲನ್ನು ಮೂಗು ಹಿಡಿಯುತ್ತದೆ, ಕಾಯಿಸಿ ನೋಡಿದರೆ ಒಡೆಯುತ್ತದೆ. ಔಷಧದ ಅಂಶವಿರುವ ಹಾಲು ಮಾತ್ರ ನೋಡಲು, ಮೂಸಲು, ರುಚಿಗೆ ಎಲ್ಲದರಲ್ಲಿ ಒಳ್ಳೆಯ ಹಾಲಿನಂತೆಯೇ ಇರುತ್ತದೆ. ಕೆಚ್ಚಲು ಬಾವಿಗೆ ಟ್ಯೂಬು ಹಾಕಿಸಿದ ಮೇಲೆ ಪಶುವೈದ್ಯರು ಹೇಳಿದಷ್ಟು ದಿನ ಆ ದನದ ಹಾಲನ್ನು ಸಂಘಕ್ಕೆ ತರಲೇಬಾರದು. ಇದನ್ನು ಯಾವ ಕಾರ್ಯದರ್ಶಿಯೂ ಕಾಯಲಾರ, ಹಿಂಡುವ ತಾಯಂದಿರೇ ಕಾಯಬೇಕು. ಅಂಥ ದಿನಗಳಲ್ಲಿ ಹಾಲು ತರದವರನ್ನು ಹಾಲು ಬತ್ತಿಸಿದವರೆಂದು ಆಡಿಕೊಳ್ಳದೆ, ತೊಟ್ಟಿ ಉಳಿಸಿದವರೆಂದು ಸಂಘ ಗೌರವಿಸಬೇಕು. ಸಾಧ್ಯವಾದರೆ ಆ ನಷ್ಟದ ಒಂದು ಪಾಲನ್ನು ಸಂಘದ ನಿಧಿಯಿಂದ ಭರಿಸುವ ಬಗ್ಗೆ ಮಹಾಸಭೆ ಯೋಚಿಸಬಹುದು. ನಿಜ ಹೇಳಿದವರಿಗೆ ನಷ್ಟವಾದರೆ ನಾಳೆ ಯಾರೂ ನಿಜ ಹೇಳುವುದಿಲ್ಲ.

ಉಳಿದದ್ದು ನಮಗೆ ಗೊತ್ತಿರುವುದೇ. ಕೆಚ್ಚಲು ತೊಳೆದು ಒರೆಸುವುದು, ಮೊದಲ ಎರಡು ಮೂರು ಸೆಲೆಯನ್ನು ಬೇರೆ ಬಟ್ಟಲಿಗೆ ಹಿಂಡಿ ನೋಡುವುದು, ಸ್ಟೀಲ್ ಪಾತ್ರೆಯನ್ನೇ ಬಳಸುವುದು, ಹಿಂಡಿದ ಹಾಲನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಕೂಡಲೇ ತರುವುದು.

ಯಾರ ಹೊಣೆ?

ಪ್ರತಿ ಅಪಾಯದ ಮುಂದೆ ಒಬ್ಬರ ಹೆಸರು ಇರಲಿ. "ಸಂಘ ನೋಡಿಕೊಳ್ಳುತ್ತದೆ" ಎಂದು ಬರೆದರೆ ಯಾರೂ ನೋಡಿಕೊಳ್ಳುವುದಿಲ್ಲ. ಡೀಸೆಲ್ ಯಾರು ನೋಡುವರು, ನೀರಿನ ಪರೀಕ್ಷೆ ಯಾರು ಮಾಡಿಸುವರು, ವಿಮೆಯ ತಾರೀಖು ಯಾರ ನೆನಪಿನಲ್ಲಿರುತ್ತದೆ ಎಂಬುದು ಹೆಸರಿನಿಂದ ಗೊತ್ತಾಗಬೇಕು. ಆಡಳಿತ ಮಂಡಳಿಯ ಪ್ರತಿ ತಿಂಗಳ ಸಭೆಯಲ್ಲಿ ಆ ಪುಸ್ತಕವನ್ನು ಓದಿ, ಅಂಕ ಏರಿದೆಯೋ ಇಳಿದಿದೆಯೋ ನೋಡಿ, ನಡವಳಿಯಲ್ಲಿ ಬರೆಯಬೇಕು. ಅಪಾಯ ಒಂದೇ ಕಡೆ ಕೂಡುವುದಿಲ್ಲ, ಹಂಗಾಮಿಗೆ ತಕ್ಕಂತೆ ಜಾಗ ಬದಲಿಸುತ್ತದೆ.

ಸಹಕಾರದ ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ಆ ಕಾಯ್ದೆಯಲ್ಲಿ ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಸಾಲ ತೀರಿಸದಿದ್ದರೆ ಉಳಿದವರೆಲ್ಲ ಭರಿಸಬೇಕು. ಆದ್ದರಿಂದ ಸಾಲ ಕೊಡುವ ಮುನ್ನವೇ ಹತ್ತು ಜನ ಕೂತು, ಯಾರಿಗೆ, ಏತಕ್ಕೆ, ಹೇಗೆ ತೀರೀತು ಎಂದು ವಿಚಾರ ಮಾಡಬೇಕಾಗುತ್ತಿತ್ತು. ಅಂದು ಎಲ್ಲರ ಹೊಣೆಯೂ ಒಂದೇ ಸಾಲದ ಪುಸ್ತಕದಲ್ಲಿತ್ತು. ಇಂದು ಅದು ಒಂದೇ ಹಾಲಿನ ತೊಟ್ಟಿಯಲ್ಲಿದೆ.

ಆದ್ದರಿಂದ ಬರುವ ಮಹಾಸಭೆಯಲ್ಲಿ ಘಟಕದ ವಿಷಯ ಬಂದಾಗ "ಯಾವಾಗ ಬರುತ್ತದೆ?" ಎಂದು ಕೇಳುವ ಮುನ್ನ, "ಕರೆಂಟು ಹೋದ ರಾತ್ರಿ ಯಾರು ಎದ್ದು ಹೋಗುತ್ತಾರೆ?" ಎಂದು ಕೇಳಿರಿ. ಆ ಪ್ರಶ್ನೆಗೆ ಸಭೆಯಲ್ಲಿ ಎರಡು ಕೈ ಎದ್ದರೆ, ನಿಮ್ಮ ಊರು ಘಟಕಕ್ಕೆ ಸಿದ್ಧವಾಗಿದೆ ಎಂದು ತಿಳಿಯಿರಿ.